ಕಂಪೆನಿಗಳ ಲೆಕ್ಕಪತ್ರದಲ್ಲಿ ನದಿಯೂ ನೆರೆಯವರೂ

ವ್ಯಾಪಾರ ಮಾಡುವವನು ಲೆಕ್ಕ ಒಪ್ಪಿಸಬೇಕೆಂಬುದು ಹಳೆಯ ಮಾತು. ಆದರೆ ಯಾರಿಗೆ ಒಪ್ಪಿಸಬೇಕು? ಬಂಡವಾಳ ಹೂಡಿದವನಿಗೆ ಮಾತ್ರವೇ? ಕಾರ್ಖಾನೆಯ ಹೊಗೆ ಕುಡಿಯುವ, ಅದರ ಕೊಳೆನೀರಿನ ಕೆಳಗೆ ಬದುಕುವ ನೆರೆಯವನಿಗೂ ಲೆಕ್ಕ ಕೇಳುವ ಹಕ್ಕು ಇಲ್ಲವೇ? ಕೂಕಟ್‌ಪಲ್ಲಿಯಲ್ಲಿ ನೆಲೆಸಿರುವ ನಮಗೆ ಇದು ದೂರದ ಪ್ರಶ್ನೆಯಲ್ಲ. ಒಂದು ಕಡೆ ಬಾಲಾನಗರ, ಇನ್ನೊಂದು ಕಡೆ ಜೀಡಿಮೆಟ್ಲ, ಮುಂಬಯಿ ಹೆದ್ದಾರಿ ಹಿಡಿದು ಹೋದರೆ ಪಟಾನ್‌ಚೆರು. ನಮ್ಮಲ್ಲಿ ಹಲವರ ಅನ್ನದ ದಾರಿಯೂ ಈ ಕಾರ್ಖಾನೆಗಳೇ.

ಮೊದಲು ನಮ್ಮ ಕೋಲಾರದ ಚಿನ್ನದ ಗಣಿಯನ್ನು ನೋಡೋಣ. 1880ರ ದಶಕದಿಂದ ಅಲ್ಲಿ ಗಣಿ ನಡೆಸಿದ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಕಚೇರಿ ಇದ್ದದ್ದು ಲಂಡನ್ನಿನಲ್ಲಿ. ಲೆಕ್ಕ ಸಲ್ಲುತ್ತಿದ್ದುದು ಅಲ್ಲಿಯ ಷೇರುದಾರರಿಗೆ. ಅವರಿಗೆ ಬೇಕಾದದ್ದು ಎಷ್ಟು ಅದಿರು ಅರೆಯಲಾಯಿತು, ಎಷ್ಟು ಔನ್ಸ್ ಚಿನ್ನ ಬಂತು, ಲಾಭಾಂಶವೆಷ್ಟು ಎಂಬುದು. ಗಣಿ 2001ರಲ್ಲಿ ಮುಚ್ಚಿತು. ಚಿನ್ನ ಹೊರಟುಹೋಯಿತು, ಅದಿರು ಅರೆದು ಬಿಸುಟ ಪುಡಿಯ 'ಸೈನೈಡ್ ಗುಡ್ಡ'ಗಳು ಮಾತ್ರ ಊರಿನ ನೆತ್ತಿಯ ಮೇಲೆ ಉಳಿದಿವೆ. ಬೇಸಿಗೆಯ ಗಾಳಿಗೆ ಆ ಧೂಳು ಯಾರ ಮನೆಯೊಳಗೆ ಹೋಗುತ್ತದೆಂಬ ಅಂಕಣ ಲಾಭನಷ್ಟದ ತಖ್ತೆಯಲ್ಲಿ ಇರಲಿಲ್ಲ.

ಸ್ವಾತಂತ್ರ್ಯಾನಂತರ ಬಂದ 1956ರ ಕಂಪೆನಿ ಕಾಯಿದೆಯೂ ಬಹುಮಟ್ಟಿಗೆ ಹಣದ ಲೆಕ್ಕವನ್ನೇ ಕೇಳಿತು. ಇದಕ್ಕೆ ಗಮನಾರ್ಹವಾದ ಅಪವಾದವೊಂದುಂಟು. 1979ರಲ್ಲಿ ಟಾಟಾ ಉಕ್ಕಿನ ಕಂಪೆನಿಯು ತನ್ನ ಸಾಮಾಜಿಕ ಹೊಣೆಯನ್ನು ಪರಿಶೀಲಿಸಲು ಹೊರಗಿನವರ ಸಮಿತಿಯೊಂದನ್ನು ನೇಮಿಸಿತು. ನ್ಯಾಯಮೂರ್ತಿ ಎಸ್. ಪಿ. ಕೋತ್ವಾಲ್, ರಜನಿ ಕೊಠಾರಿ ಮತ್ತು ಪಿ. ಜಿ. ಮಾವಳಂಕರ್ ಅದರ ಸದಸ್ಯರು. ತನ್ನ ಬೆನ್ನು ತನಗೆ ಕಾಣದು, ಬೇರೆಯವರೇ ನೋಡಿ ಹೇಳಲಿ ಎಂಬ ತತ್ತ್ವ ಅದರಲ್ಲಿತ್ತು. ಆದರೆ ಈ ಮಾದರಿಯನ್ನು ಅನುಸರಿಸಿದವರು ವಿರಳ.

ಲೆಕ್ಕ ಕೇಳುವ ಕೆಲಸವನ್ನು ಜನರೇ ಕೈಗೆತ್ತಿಕೊಂಡ ನಿದರ್ಶನ ನಮ್ಮ ತುಂಗಭದ್ರೆಯ ದಡದ್ದು. ಹರಿಹರದ ಎದುರು ದಡದ ಕುಮಾರಪಟ್ಟಣದಲ್ಲಿ 1972ರಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಆರಂಭವಾಯಿತು. ನೀರು ಬಣ್ಣಗೆಟ್ಟಿತು, ಮೀನು ಸತ್ತವು ಎಂದು ಕೆಳಗಿನ ಹಳ್ಳಿಗಳವರು ದೂರಿದರು. ಎಸ್. ಆರ್. ಹಿರೇಮಠರು ಮತ್ತು ಅವರ ಸಮಾಜ ಪರಿವರ್ತನಾ ಸಮುದಾಯವು 1984ರಿಂದ ಈ ಹೋರಾಟವನ್ನು ಕಟ್ಟಿದರು. ಇದೇ ಕಾರ್ಖಾನೆಗೆ ಮರ ಒದಗಿಸಲೆಂದು ಸರಕಾರದ ಜೊತೆಗೂಡಿ ಸ್ಥಾಪಿಸಿದ ಕರ್ನಾಟಕ ಪಲ್ಪ್‌ವುಡ್ ಕಂಪೆನಿಗೆ ಸುಮಾರು 30,000 ಹೆಕ್ಟೇರ್ ಸಮುದಾಯದ ಭೂಮಿ ಕೊಡುವ ಯೋಜನೆಯಿತ್ತು. ಅದರ ವಿರುದ್ಧ ಡಾ. ಶಿವರಾಮ ಕಾರಂತರೂ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ರೈತರು ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಸಸಿಗಳನ್ನು ನೆಟ್ಟ 'ಕಿತ್ತಿಕೋ-ಹಚ್ಚಿಕೋ' ಸತ್ಯಾಗ್ರಹ ನಡೆಯಿತು. 1991ರಲ್ಲಿ ಆ ಕಂಪೆನಿಯೇ ಮುಚ್ಚಿತು.

ಈ ನಡುವೆ 1984ರ ಡಿಸೆಂಬರಿನಲ್ಲಿ ಭೋಪಾಲದ ದುರಂತ ಸಂಭವಿಸಿ, 1986ರಲ್ಲಿ ಪರಿಸರ ಸಂರಕ್ಷಣಾ ಕಾಯಿದೆ ಬಂತು. ಅದರ ನಿಯಮಗಳಿಗೆ 1992ರಲ್ಲಿ ಆದ ತಿದ್ದುಪಡಿಯಿಂದ, ಅನುಮತಿ ಪಡೆಯಬೇಕಾದ ಪ್ರತಿ ಕಾರ್ಖಾನೆಯೂ ನೀರಿನ ಬಳಕೆ, ಹೊರಬಿಟ್ಟ ಮಾಲಿನ್ಯ ಮತ್ತು ಅಪಾಯಕಾರಿ ತ್ಯಾಜ್ಯದ ವಿವರಗಳನ್ನು ವರ್ಷವರ್ಷವೂ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಲಿಗೆ ಸಲ್ಲಿಸಬೇಕಾಯಿತು. ಸೆಪ್ಟೆಂಬರ್ 30 ಅದರ ಕೊನೆಯ ದಿನ. ಒಳ್ಳೆಯ ನಮೂನೆಯೇ, ಆದರೆ ನಮೂನೆ ತುಂಬಿದೊಡನೆ ನದಿ ತಿಳಿಯಾಗದೆಂಬುದನ್ನು ಕಡತಗಳ ನಡುವೆ ಬಾಳುವ ನನ್ನಂಥ ಗುಮಾಸ್ತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅನಂತರದ ಹೆಜ್ಜೆಗಳು ಬೇಗಬೇಗ ಬಿದ್ದವು. ಷೇರುಪೇಟೆಯ ನಿಯಂತ್ರಕ ಸೆಬಿಯು 2012ರಲ್ಲಿ ಅತಿ ದೊಡ್ಡ 100 ಕಂಪೆನಿಗಳಿಗೆ ಸಾಮಾಜಿಕ ಹೊಣೆಯ ವರದಿಯನ್ನು ಕಡ್ಡಾಯ ಮಾಡಿತು. 2013ರ ಕಂಪೆನಿ ಕಾಯಿದೆಯ 135ನೆಯ ಕಲಮು, ನಿಗದಿತ ಮಿತಿ ಮೀರಿದ ಕಂಪೆನಿಗಳು ಹಿಂದಿನ 3 ವರ್ಷಗಳ ಸರಾಸರಿ ಲಾಭದಲ್ಲಿ ಶೇಕಡಾ 2ರಷ್ಟನ್ನು ಸಮಾಜಕಾರ್ಯಕ್ಕೆ ವ್ಯಯಿಸಬೇಕೆಂದಿತು. 2022-23ರಿಂದ ಅಗ್ರ 1,000 ಕಂಪೆನಿಗಳು ಇನ್ನೂ ವಿಸ್ತಾರವಾದ ನಮೂನೆಯಲ್ಲಿ ವರದಿ ಮಾಡಬೇಕಾಯಿತು.

ಇಲ್ಲಿ ಒಂದು ಭೇದವನ್ನು ಮರೆಯಬಾರದು. ಶೇಕಡಾ 2ರ ನಿಯಮವು ಲಾಭವನ್ನು ಹೇಗೆ ಖರ್ಚು ಮಾಡಿದಿರಿ ಎಂದು ಕೇಳುತ್ತದೆಯೇ ಹೊರತು ಹೇಗೆ ಗಳಿಸಿದಿರಿ ಎಂದಲ್ಲ. ಶಾಲೆಗೆ ಬೆಂಚು, ಊರಿಗೆ ಕುಡಿಯುವ ನೀರಿನ ಘಟಕ ಕೊಡುವುದು ಪುಣ್ಯದ ಕೆಲಸವೇ ಸರಿ. ಆದರೆ ಆ ಊರಿನ ಬಾವಿ ಕೆಟ್ಟದ್ದೇಕೆ ಎಂಬ ಪ್ರಶ್ನೆ ಅದರಿಂದ ತೀರುವುದಿಲ್ಲ.

ಅಂಕೆಗಳನ್ನು ಓದುವಾಗಲೂ ಎಚ್ಚರ ಬೇಕು. ಒಂದು ಕಂಪೆನಿಯ ವಹಿವಾಟು ಎರಡು ಪಟ್ಟಾಯಿತು, ನೀರಿನ ಬಳಕೆ 100ರಿಂದ 150ಕ್ಕೆ ಏರಿತು ಎಂದುಕೊಳ್ಳಿ. ರೂಪಾಯಿಗಿಷ್ಟು ನೀರೆಂದು ಲೆಕ್ಕ ಹಾಕಿದರೆ ಬಳಕೆ ಶೇಕಡಾ 25 ಇಳಿದಿದೆ. ಕೆರೆಯ ಕಡೆಯಿಂದ ನೋಡಿದರೆ ಶೇಕಡಾ 50 ಏರಿದೆ. ಎರಡೂ ಸುಳ್ಳಲ್ಲ. ಹಾಗೆಯೇ ಲೀಟರಿಗೆ ಇಷ್ಟು ಮಿಲಿಗ್ರಾಂ ಎಂಬ ಮಿತಿಯೊಳಗೆ ಕೊಳೆನೀರು ಇರಬಹುದು. ಆದರೆ ಒಟ್ಟು ಎಷ್ಟು ಲೀಟರ್ ಬಿಟ್ಟರು, ಬೇಸಿಗೆಯಲ್ಲಿ ಹೊಳೆಯಲ್ಲಿ ಎಷ್ಟು ನೀರಿತ್ತು ಎಂಬುದು ತಿಳಿಯದೆ ಆ ಸಂಖ್ಯೆ ಅರ್ಧ ಸತ್ಯವಷ್ಟೆ.

ಪಟಾನ್‌ಚೆರುವಿನ ಪಾಠವೂ ಇದೇ. ಅಲ್ಲಿಯ ನಕ್ಕವಾಗು ಹಳ್ಳವು, ಬೀದರಿನ ಸೀಮೆಯಿಂದ ಇಳಿದು ಬರುವ ಮಾಂಜರಾ ನದಿಗೆ ಸೇರುತ್ತದೆ. ಅಲ್ಲಿಯ ಮಾಲಿನ್ಯದ ದಾವೆ 1990ರಲ್ಲೇ ಸರ್ವೋಚ್ಚ ನ್ಯಾಯಾಲಯ ತಲುಪಿತ್ತು. ಸುಮಾರು 90 ಔಷಧಿ ತಯಾರಕರ ಕೊಳೆನೀರು ಸೇರುವ ಸಾಮೂಹಿಕ ಶುದ್ಧೀಕರಣ ಘಟಕದಿಂದ ಹೊರಬಂದ ನೀರನ್ನು ಸ್ವೀಡನ್ನಿನ ವಿಜ್ಞಾನಿ ಯೋಆಕಿಮ್ ಲಾರ್ಸನ್ ಮತ್ತು ಸಂಗಡಿಗರು ಪರೀಕ್ಷಿಸಿ, 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಾಸಿನ್ ಎಂಬ ಜೀವಿರೋಧಕ ಅದರಲ್ಲಿತ್ತು. ಔಷಧಿ ಸೇವಿಸಿದ ರೋಗಿಯ ರಕ್ತದಲ್ಲಿ ಇರುವುದಕ್ಕಿಂತ ಇದು ಹೆಚ್ಚು! ಇಂಥ ನೀರಿನಲ್ಲಿ ಬದುಕಿ ಉಳಿದ ರೋಗಾಣುಗಳಿಗೆ ಮುಂದೆ ಅದೇ ಮದ್ದು ನಾಟದು. ಈ ಅಂಕೆಯನ್ನು ಜಗತ್ತಿನ ಮುಂದಿಟ್ಟದ್ದು ಯಾವ ಕಂಪೆನಿಯ ವಾರ್ಷಿಕ ವರದಿಯೂ ಅಲ್ಲ, ಹೊರಗಿನವರ ಪರೀಕ್ಷೆ.

ಆದ್ದರಿಂದ ವರದಿಗಳೆಲ್ಲ ವ್ಯರ್ಥವೆಂದು ಮೂಗು ಮುರಿಯುವುದು ಸಲ್ಲದು. ಹೊಸ ನಮೂನೆಯಲ್ಲಿ ನೆರೆಯ ಜನರಿಂದ ವರ್ಷದಲ್ಲಿ ಬಂದ ದೂರುಗಳೆಷ್ಟು, ವರ್ಷಾಂತ್ಯಕ್ಕೆ ಬಾಕಿ ಎಷ್ಟು ಎಂದು ತೋರಿಸುವ ಅಂಕಣವಿದೆ. ಕೋಲಾರದ ಗಣಿಯ ಕಾಲಕ್ಕೆ ಹೋಲಿಸಿದರೆ ಇದು ಸಣ್ಣ ಬದಲಾವಣೆಯಲ್ಲ. ಅಲ್ಲಿ ಸೊನ್ನೆ ಬರೆದಿದ್ದರೆ ಅದು ನಿಜವೇ ಎಂದು ಹೇಳಬಲ್ಲವರು ಆ ನೆರೆಯವರೇ, ಎಂದರೆ ನಾವೇ. ನಮ್ಮ ಮನೆಗಳಲ್ಲಿ ಷೇರು ಕೊಂಡವರಿದ್ದಾರೆ, ಆ ಕಂಪೆನಿಗಳಲ್ಲೇ ದುಡಿಯುವ ಮಕ್ಕಳಿದ್ದಾರೆ. ವರದಿ ಕೈಗೆ ಬಂದಾಗ ಮುಖಪುಟದ ಹಸುರು ಚಿತ್ರವನ್ನು ದಾಟಿ, ನೀರು, ತ್ಯಾಜ್ಯ, ದೂರು ಈ 3 ಪುಟಗಳನ್ನು ಹಿಂದಿನ ವರ್ಷದೊಂದಿಗೆ ಹೋಲಿಸಿ ಓದಬೇಕು. ಅನುಮಾನ ಬಂದರೆ ಕೇಳಬೇಕು. ಕೇಳುವವರಿದ್ದಾಗಲೇ ಲೆಕ್ಕ ಬರೆಯುವವನ ಕೈ ಬಿಗಿಯಾಗುತ್ತದೆ.