ಮನೆಯ ಬಿಯರ್ ತಯಾರಿಕೆಯಲ್ಲಿ ವಿದ್ಯುತ್ ಸಾಧನಗಳು

ಜವೆಗೋಧಿಯ ಮಾಲ್ಟನ್ನು ಹದವಾದ ಬಿಸಿನೀರಿನಲ್ಲಿ ನೆನೆಯಿಟ್ಟು ಅದರ ಪಿಷ್ಟವನ್ನು ಸಕ್ಕರೆಯಾಗಿ ಮಾರ್ಪಡಿಸಿ, ಹಾಗೆ ದೊರೆತ ಸಿಹಿಕಷಾಯವನ್ನು ಹಾಪ್ಸ್ ಹೂಗಳೊಡನೆ ಕುದಿಸಿ, ತಣಿಸಿ, ಯೀಸ್ಟ್ ಬೆರೆಸಿ ಹುದುಗಿಸುವ ಕಾರ್ಯವನ್ನು ಗೃಹಸ್ಥನೊಬ್ಬನು ತನ್ನ ಮನೆಯಲ್ಲಿಯೇ, ಬೆಂಕಿಯ ಬದಲು ವಿದ್ಯುತ್ತಿನ ಶಾಖದಿಂದ, ಇಪ್ಪತ್ತು ಇಪ್ಪತ್ತೈದು ಲೀಟರುಗಳ ಅಲ್ಪ ಪ್ರಮಾಣದಲ್ಲಿ ನಡೆಸಲು ಜೋಡಿಸಿಕೊಂಡ ಹಂಡೆ, ಕಾಯಿಲ್, ಪಂಪು ಮತ್ತು ಉಷ್ಣನಿಯಂತ್ರಕಗಳ ಸಮೂಹವೇ ಈ ಲೇಖನದ ವಿಷಯ. ಇದರ ಈಗಿನ ರೂಪ ತೀರ ಇತ್ತೀಚಿನದು; ಆದರೆ ಇದು ಪರಿಹರಿಸಹೊರಟ ಸಮಸ್ಯೆ ಬಿಯರಿನಷ್ಟೇ ಪ್ರಾಚೀನವಾದುದು. ಶಾಖವನ್ನು ಉಂಟುಮಾಡುವುದು ಎಂದೂ ಕಷ್ಟವಾಗಿರಲಿಲ್ಲ. ಬೇಕಾದ ಮಟ್ಟದಲ್ಲಿ ಅದನ್ನು ತಡೆದು ನಿಲ್ಲಿಸುವುದೇ ಕಷ್ಟವಾಗಿದ್ದಿತು.

ಬಿಯರು ಹುಟ್ಟಿದ್ದು ಮನೆಯಲ್ಲಿ, ಬೆಳೆದದ್ದು ಬಹುಮಟ್ಟಿಗೆ ಸ್ತ್ರೀಯರ ಕೈಯಲ್ಲಿ. ಸುಮೇರಿಯನ್ ಜನರು ಬಿಯರಿನ ಅಧಿದೇವತೆಯಾಗಿ ಪೂಜಿಸುತ್ತಿದ್ದ ನಿನ್‌ಕಾಸಿಯೂ ಸ್ತ್ರೀದೇವತೆಯೇ, ಕ್ರಿ.ಪೂ. 1800ರ ಸುಮಾರಿನ ಮಣ್ಣಿನ ಫಲಕಗಳಲ್ಲಿ ಉಳಿದುಬಂದಿರುವ ಆಕೆಯ ಸ್ತೋತ್ರವು ಸ್ತುತಿಯೊಡನೆ ತಯಾರಿಕೆಯ ವಿಧಾನವನ್ನೂ ಹೇಳುತ್ತದೆ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಮನೆಬಳಕೆಗೆ ಬಿಯರು ಕಾಯಿಸಿ, ಮಿಕ್ಕುದನ್ನು ನೆರೆಹೊರೆಯವರಿಗೆ ಮಾರುತ್ತಿದ್ದವರು ಹೆಚ್ಚಾಗಿ ಗೃಹಿಣಿಯರು. ಅವರಿಗೆ ಉಷ್ಣತಾಮಾಪಕವಿರಲಿಲ್ಲ. ಕುದಿಸಿದ ನೀರನ್ನು ಆರಲು ಬಿಟ್ಟು, ಮೇಲೆದ್ದ ಹಬೆ ತಿಳಿಯಾಗಿ ನೀರಿನಲ್ಲಿ ತಮ್ಮ ಮುಖದ ಪ್ರತಿಬಿಂಬ ಕಾಣುವ ಹೊತ್ತಿಗೆ ಮಾಲ್ಟನ್ನು ಸುರಿಯಬೇಕೆಂಬುದು ಅಲ್ಲಿಯ ಮನೆಗಳಲ್ಲಿ ಬಳಕೆಯಲ್ಲಿದ್ದ ಒಂದು ಕ್ರಮ. ಮಾಪಕವಿಲ್ಲದ ಕಾಲದಲ್ಲಿ ಕಣ್ಣಳತೆಯಿಂದಲೇ ಅವರು ಸಾಧಿಸಿದ್ದ ಸೂಕ್ಷ್ಮತೆಯನ್ನು ಇಂದಿನವರು ಲಘುವಾಗಿ ಕಾಣಲಾಗದು.

ಆ ಸೂಕ್ಷ್ಮತೆಯ ಅಗತ್ಯವಾದರೂ ಏನೆಂದರೆ, ಮೊಳೆತ ಜವೆಗೋಧಿಯಲ್ಲಿ ಪಿಷ್ಟವನ್ನು ಕತ್ತರಿಸುವ ಎರಡು ಕಿಣ್ವಗಳಿದ್ದು, ಬೀಟಾ ಅಮೈಲೇಸ್ ಎಂಬುದು ಸುಮಾರು 60ರಿಂದ 65 ಡಿಗ್ರಿ ಸೆಲ್ಸಿಯಸ್ಸಿನಲ್ಲಿಯೂ ಆಲ್ಫಾ ಅಮೈಲೇಸ್ ಎಂಬುದು 70ರ ಆಸುಪಾಸಿನಲ್ಲಿಯೂ ಚುರುಕಾಗಿ ಕೆಲಸ ಮಾಡುತ್ತವೆ. ಮೊದಲನೆಯದಕ್ಕೆ ಅನುಕೂಲವಾದ ಉಷ್ಣತೆಯಲ್ಲಿ ಯೀಸ್ಟು ಸುಲಭವಾಗಿ ಅರಗಿಸಿಕೊಳ್ಳುವ ಸಕ್ಕರೆ ಹೆಚ್ಚಾಗಿ ಪಾನೀಯವು ತೆಳುವಾಗುತ್ತದೆ. ಎರಡನೆಯದಕ್ಕೆ ಅನುಕೂಲವಾದ ಉಷ್ಣತೆಯಲ್ಲಿ ಹುದುಗದೆ ಉಳಿಯುವ ಅಂಶ ಹೆಚ್ಚಿ ಪಾನೀಯವು ದಟ್ಟವಾಗುತ್ತದೆ. ನಾಲ್ಕು ಡಿಗ್ರಿಗಳ ಅಂತರದಲ್ಲಿ ಒಂದೇ ಧಾನ್ಯದಿಂದ ಎರಡು ಬೇರೆ ಬೇರೆ ಬಿಯರುಗಳು ಹುಟ್ಟುತ್ತವೆಂದ ಮೇಲೆ, ಸೌದೆಯ ಒಲೆಯ ಮುಂದೆ ನಿಂತವರ ಪಾಡನ್ನು ಊಹಿಸಬಹುದು.

ಲಂಡನ್ನಿನ ಮೈಕೆಲ್ ಕೊಂಬ್ರೂನ್ 1758ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಈ ಕೆಲಸಕ್ಕೆ ಉಷ್ಣತಾಮಾಪಕವನ್ನು ಬಳಸಬೇಕೆಂದು ವಾದಿಸಿದನು. 1784ರಲ್ಲಿ ಜಾನ್ ರಿಚರ್ಡ್‌ಸನ್ ಕಷಾಯದ ಸಾಂದ್ರತೆಯನ್ನು ಅಳೆಯುವ ಮಾಪಕದ ಬಳಕೆಯನ್ನು ಕ್ರಮಬದ್ಧವಾಗಿ ನಿರೂಪಿಸಿದನು. ಈ ಎರಡು ಉಪಕರಣಗಳೂ ಮೊದಲು ಸೇರಿದ್ದು ದೊಡ್ಡ ಕಾರ್ಖಾನೆಗಳನ್ನು. ಅಳತೆ ಬಲ್ಲ ಕಾರ್ಖಾನೆಯ ಮುಂದೆ ಅಳತೆಯಿಲ್ಲದ ಅಡಿಗೆಮನೆ ಹಿಂದೆ ಬಿದ್ದಿತು. 1880ರಲ್ಲಿ ಪ್ರಧಾನಿ ಗ್ಲ್ಯಾಡ್‌ಸ್ಟನ್ನನ ಸರ್ಕಾರವು ಮಾಲ್ಟಿನ ಮೇಲಿನ ತೆರಿಗೆಯನ್ನು ರದ್ದುಮಾಡಿ ಬಿಯರಿನ ಮೇಲೆಯೇ ಸುಂಕ ಹೇರಿದಾಗ ಮನೆಯಲ್ಲಿ ತಯಾರಿಸುವವರಿಗೂ ಪರವಾನಗಿಯ ನಿರ್ಬಂಧ ಬಂದು, ಬ್ರಿಟನ್ನಿನಲ್ಲಿ ಆ ಗೃಹವಿದ್ಯೆ ಇನ್ನಷ್ಟು ಕ್ಷೀಣಿಸಿತು.

ವಿದ್ಯುತ್ತಿನಿಂದ ಬಿಯರು ಕಾಯಿಸುವ ವಿದ್ಯೆಗೆ ಆಧಾರವಾದ ನಿಯಮವನ್ನು ಕಂಡುಹಿಡಿದವನು ಬಿಯರು ತಯಾರಿಸುವವರ ಮನೆಯಲ್ಲಿಯೇ ಹುಟ್ಟಿದವನೆಂಬುದು ಈ ಚರಿತ್ರೆಯಲ್ಲಿ ವಿಶೇಷವಾಗಿ ಸ್ಮರಿಸತಕ್ಕ ಸಂಗತಿ. ಮ್ಯಾಂಚೆಸ್ಟರಿನ ನೆರೆಯ ಸಾಲ್ಫರ್ಡ್ ಪಟ್ಟಣದಲ್ಲಿ 1818ರಲ್ಲಿ ಜನಿಸಿದ ಜೇಮ್ಸ್ ಪ್ರೆಸ್ಕಟ್ ಜೂಲ್‌ನ ತಂದೆ ಬಿಯರ್ ಕಾರ್ಖಾನೆಯೊಂದರ ಒಡೆಯ. ಮಗನೂ ಬಹುಕಾಲ ಅದರ ವ್ಯವಹಾರದಲ್ಲಿ ತೊಡಗಿದ್ದನು. ವಿಶ್ವವಿದ್ಯಾಲಯದ ಹುದ್ದೆಯಾವುದನ್ನೂ ಹೊಂದಿರದ ಈತನು ಲೋಹದ ತಂತಿಯಲ್ಲಿ ವಿದ್ಯುತ್ತು ಹರಿಯುವಾಗ ಹುಟ್ಟುವ ಶಾಖವು ಪ್ರವಾಹದ ವರ್ಗಕ್ಕೂ ತಂತಿಯ ರೋಧಕ್ಕೂ ಅನುಪಾತದಲ್ಲಿರುತ್ತದೆಂಬುದನ್ನು 1841ರಲ್ಲಿ ಪ್ರಕಟವಾದ ಲೇಖನದಲ್ಲಿ ಸ್ಥಾಪಿಸಿದನು. ಡಿಗ್ರಿಯ ಅತ್ಯಲ್ಪ ಭಾಗಗಳನ್ನು ಓದಬಲ್ಲೆನೆಂಬ ಅವನ ಮಾತನ್ನು ಆ ಕಾಲದ ಪಂಡಿತರು ಕೂಡಲೇ ನಂಬಲಿಲ್ಲ. ಉಷ್ಣತೆಯನ್ನು ಹಗಲಿರುಳು ಕಾಯಬೇಕಾದ ಕಾರ್ಖಾನೆಯ ಪರಿಸರದಲ್ಲಿಯೇ ಆ ಕೌಶಲ ಅವನಿಗೆ ಒಲಿದಿರಬೇಕೆಂದು ವಿಜ್ಞಾನದ ಚರಿತ್ರಕಾರರು ಈಚೆಗೆ ಅಭಿಪ್ರಾಯಪಟ್ಟಿದ್ದಾರೆ. ಈ ಅಭಿಪ್ರಾಯ ಯುಕ್ತವಾದುದೆಂದೇ ತೋರುತ್ತದೆ. ಇಂದು ಯಾವ ಮನೆಯ ಹಂಡೆಯಲ್ಲಿ ಎಷ್ಟು ಶಾಖ ಸೇರಿತೆಂದು ಲೆಕ್ಕ ಹಾಕಿದರೂ ಉತ್ತರವನ್ನು ಜೂಲ್ ಎಂಬ ಮಾನದಲ್ಲಿ ಹೇಳಬಹುದು.

ನಿಯಮ ತಿಳಿದ ಮೇಲೂ ಅದಕ್ಕೆ ತಕ್ಕ ತಂತಿ ದೊರೆಯಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಕೆಂಪಗೆ ಕಾಯ್ದರೂ ಬೇಗನೆ ಸುಟ್ಟುಹೋಗದ ನಿಕಲ್ ಮತ್ತು ಕ್ರೋಮಿಯಂ ಮಿಶ್ರಲೋಹಕ್ಕೆ ಅಮೆರಿಕದ ಆಲ್ಬರ್ಟ್ ಮಾರ್ಷ್ 1906ರಲ್ಲಿ ಪೇಟೆಂಟ್ ಪಡೆದನು. 1922ರಲ್ಲಿ ಬರ್ಮಿಂಗ್‌ಹ್ಯಾಮಿನ ಆರ್ಥರ್ ಲೆಸ್ಲಿ ಲಾರ್ಜ್ ಲೋಹದ ನಳಿಗೆಯೊಳಗಿಟ್ಟ ತಂತಿಯನ್ನು ನೇರವಾಗಿ ನೀರಿನಲ್ಲಿಯೇ ಮುಳುಗಿಸಿದ ಕೆಟಲನ್ನು ರೂಪಿಸಿದನು. ನಮ್ಮ ಸ್ನಾನದ ಮನೆಯ ಗೀಸರಿನಲ್ಲಿರುವ ಕಾಯಿಲ್ ಈ ಪರಂಪರೆಗೆ ಸೇರಿದುದೇ: ಹೊರಗೆ ಲೋಹದ ಕವಚ, ನಡುವೆ ಸುರುಳಿ ತಂತಿ, ಇವೆರಡೂ ಪರಸ್ಪರ ತಾಗದಂತೆ ಒತ್ತಿ ತುಂಬಿದ ಮೆಗ್ನೀಸಿಯಂ ಆಕ್ಸೈಡಿನ ಪುಡಿ. ಶಾಖವನ್ನು ಹೊರಬಿಟ್ಟು ವಿದ್ಯುತ್ತನ್ನು ಒಳಗೇ ತಡೆಯುವ ಈ ಬಿಳಿಯ ಪುಡಿಯಿಲ್ಲದಿದ್ದರೆ ಮನೆಯಲ್ಲಿ ವಿದ್ಯುತ್ ಹಂಡೆಯೆಂಬುದೇ ಇರುತ್ತಿರಲಿಲ್ಲ.

ಇನ್ನುಳಿದ ಅಡ್ಡಿ ಕಾನೂನಿನದು. ಬ್ರಿಟನ್ನಿನ ಅರ್ಥಸಚಿವ ರೆಜಿನಾಲ್ಡ್ ಮೌಡ್ಲಿಂಗ್ 1963ರಲ್ಲಿ ಗೃಹತಯಾರಿಕೆಯ ಪರವಾನಗಿಯನ್ನು ರದ್ದುಪಡಿಸಿದರು. ಅದರ ಫಲವಾಗಿ ಎದ್ದ ಹೊಸ ಉತ್ಸಾಹದ ನಡುವೆ, ವೃತ್ತಿಯಿಂದ ವಿದ್ಯುತ್ ಇಂಜಿನಿಯರಾಗಿದ್ದ ಡೇವ್ ಲೈನ್ 1974ರಲ್ಲಿ ‘ದಿ ಬಿಗ್ ಬುಕ್ ಆಫ್ ಬ್ರೂಯಿಂಗ್’ ಎಂಬ ಪುಸ್ತಕವನ್ನು ಹೊರತಂದು, ಮಾಲ್ಟಿನಿಂದಲೇ ಬಿಯರು ಮಾಡುವ ಪೂರ್ಣಕ್ರಮವನ್ನು ಸಾಮಾನ್ಯರ ಕೈಗೆಟುಕಿಸಿದರು. ಶಾಖ ತಾಳುವ ಪ್ಲಾಸ್ಟಿಕ್ ಬಕೆಟ್ಟಿಗೆ ಕೆಟಲಿನ ಕಾಯಿಲ್ ಜೋಡಿಸಿ ಕುದಿಹಂಡೆ ಮಾಡಿಕೊಳ್ಳುವ ಪದ್ಧತಿ ಅಲ್ಲಿ ಮನೆಮಾತಾಯಿತು. ಥರ್ಮೋಸ್ಟಾಟ್ ಸಹಿತವಾದ ‘ಬ್ರೂಹೀಟ್’ ಎಂಬ ಬಕೆಟ್ಟು ಅಂಗಡಿಗಳಲ್ಲಿಯೂ ಮಾರಾಟಕ್ಕೆ ಬಂದಿತು. 230 ವೋಲ್ಟಿನ ಆಸುಪಾಸಿನ ಸರಬರಾಜಿದ್ದುದರಿಂದ ಸಾಮಾನ್ಯ ಪ್ಲಗ್ಗಿನಿಂದಲೇ ಎರಡೂವರೆ ಸಾವಿರ ವಾಟ್ ಶಕ್ತಿ ದೊರೆಯುತ್ತಿದ್ದುದು ಬ್ರಿಟಿಷರಿಗೆ ಒದಗಿದ ಅನುಕೂಲ.

ಅಮೆರಿಕದ ಕಥೆ ಬೇರೆ. 1920ರಿಂದ 1933ರವರೆಗಿನ ಪಾನನಿಷೇಧ ಮುಗಿದ ಮೇಲೂ ಮನೆಯ ಬಿಯರು ಅಲ್ಲಿ ಕಾನೂನುಬಾಹಿರವಾಗಿಯೇ ಉಳಿದು, ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರ ಅಕ್ಟೋಬರಿನಲ್ಲಿ ಸಹಿಮಾಡಿದ ಶಾಸನದಿಂದ, ಒಬ್ಬ ವಯಸ್ಕನಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆಗೆ 200 ಗ್ಯಾಲನ್ ಎಂಬ ಮಿತಿಯೊಳಗೆ ತೆರಿಗೆಯಿಲ್ಲದೆ ತಯಾರಿಸಲು ಅವಕಾಶವಾಯಿತು. ಅದೇ ವರ್ಷ ಚಾರ್ಲಿ ಪಪೇಜಿಯನ್ ಮತ್ತು ಸಂಗಡಿಗರು ಕೊಲರಾಡೋದ ಬೋಲ್ಡರಿನಲ್ಲಿ ಗೃಹತಯಾರಕರ ಸಂಘವನ್ನೂ ಅದರ ಪತ್ರಿಕೆ ‘ಜೈಮರ್ಜಿ’ಯನ್ನೂ ಆರಂಭಿಸಿದರು. ಆದರೆ 120 ವೋಲ್ಟಿನ ಪ್ಲಗ್ಗಿನಿಂದ ದೊರೆಯುವ ಒಂದೂವರೆ ಸಾವಿರ ವಾಟಿನಲ್ಲಿ ಹಂಡೆ ಕುದಿಯುವುದು ಬಲು ನಿಧಾನ. ಆದುದರಿಂದ ಅಲ್ಲಿಯವರು ಸ್ಟೀಲಿನ ಹಳೆಯ ಬಿಯರ್ ಪೀಪಾಯಿಗಳ ತಲೆ ಕೊಯ್ದು ಹಂಡೆ ಮಾಡಿಕೊಂಡು ಅಂಗಳದಲ್ಲಿ ಪ್ರೊಪೇನ್ ಒಲೆಯ ಮೇಲಿಟ್ಟರು. ಹಿಮ ಸುರಿಯುವ ತಿಂಗಳುಗಳಲ್ಲಿ ಅಂಗಳದ ಕೆಲಸ ದುಸ್ತರ. ಒಲೆಯನ್ನು ಒಳಗೆ ತಂದರೆ ಕಾರ್ಬನ್ ಮಾನಾಕ್ಸೈಡಿನಿಂದ ಪ್ರಾಣಾಪಾಯ. ಬಟ್ಟೆ ಒಣಗಿಸುವ ಯಂತ್ರಕ್ಕೆಂದು ಮನೆಗಳಲ್ಲಿ ಇದ್ದೇ ಇದ್ದ 240 ವೋಲ್ಟಿನ ಸಂಪರ್ಕವನ್ನು ಬಳಸಿ, ಗೀಸರಿನ 5500 ವಾಟಿನ ಕಾಯಿಲನ್ನು ಪೀಪಾಯಿಗೆ ತೂರಿಸುವ ಉಪಾಯ ಈ ಇಕ್ಕಟ್ಟಿನಿಂದ ಹುಟ್ಟಿದುದು.

ಕುದಿಸಲು ಬಲ ಸಾಕು. ಮಾಲ್ಟು ನೆನೆಯಿಡಲು ಸಂಯಮ ಬೇಕು. ಇದಕ್ಕೆ 1980ರ ದಶಕದ ಕೊನೆಯಲ್ಲಿ ರಾಡ್ನಿ ಮಾರಿಸ್ ‘ಜೈಮರ್ಜಿ’ಯಲ್ಲಿ ವಿವರಿಸಿದ ಮಾರ್ಗವೆಂದರೆ, ಕಷಾಯವನ್ನು ಪಂಪಿನಿಂದ ಎತ್ತಿ ಕಾಯಿಲ್ ಇರುವ ಕೊಳವೆಯ ಮೂಲಕ ಹಾಯಿಸಿ ಮತ್ತೆ ಮಾಲ್ಟಿನ ಮೇಲೆ ಸುರಿಸುತ್ತ, ಎಲೆಕ್ಟ್ರಾನಿಕ್ ನಿಯಂತ್ರಕದಿಂದ ಉಷ್ಣತೆಯನ್ನು ಸ್ಥಿರವಾಗಿಡುವುದು. ಸಕ್ಕರೆ ತುಂಬಿದ ದ್ರವ ಕಾಯಿಲಿಗೆ ತಾಗಿ ಸೀಯುವ ಭಯವಿದ್ದುದರಿಂದ, ಕಷಾಯವನ್ನು ತಾಮ್ರದ ಸುರುಳಿಯಲ್ಲಿ ಹರಿಸಿ ಆ ಸುರುಳಿಯನ್ನು ಬಿಸಿನೀರಿನ ಹಂಡೆಯಲ್ಲಿ ಮುಳುಗಿಸುವ ಇನ್ನೊಂದು ಪದ್ಧತಿಯೂ ಬೆಳೆಯಿತು. ನಿಯಂತ್ರಣದ ತತ್ತ್ವ ಬಂದುದು ಹಡಗುಗಳಿಂದ: ನಿಕೊಲಸ್ ಮಿನೋರ್ಸ್ಕಿ 1922ರಲ್ಲಿ ಹಡಗಿನ ಚುಕ್ಕಾಣಿಗಾಗಿ ಮಂಡಿಸಿದ ಗಣಿತವೇ ಮುಂದೆ ರಾಸಾಯನಿಕ ಕಾರ್ಖಾನೆಗಳ ಪಿಐಡಿ ನಿಯಂತ್ರಕವಾಗಿ, ಅಂಗೈಯಗಲದ ಪೆಟ್ಟಿಗೆಯಲ್ಲಿ ಅಡಗುವಷ್ಟು ಚಿಕ್ಕದಾಗಿಯೂ ಅಗ್ಗವಾಗಿಯೂ ಮನೆಗೆ ಬಂದಿತು. ಗುರಿ ಎಷ್ಟು ದೂರವಿದೆ, ಎಷ್ಟು ಹೊತ್ತಿನಿಂದ ತಪ್ಪುತ್ತಿದೆ, ಎಷ್ಟು ವೇಗವಾಗಿ ಸಮೀಪಿಸುತ್ತಿದೆ ಎಂಬ ಮೂರನ್ನೂ ತೂಗಿ ಅದು ಕಾಯಿಲಿಗೆ ವಿದ್ಯುತ್ತನ್ನು ತುಣುಕು ತುಣುಕಾಗಿ ಬಿಡುತ್ತದೆ; ಬಂಡಿಯನ್ನು ಮನೆಯ ಬಾಗಿಲಿಗೆ ತಂದು ನಿಲ್ಲಿಸಬಲ್ಲ ಗಾಡಿಯವನು ದೂರದಿಂದಲೇ ಹಗ್ಗ ಬಿಗಿಹಿಡಿಯುವಂತೆ.

ಈ ಸಾಧನಕ್ಕೆ ತಗಲುವ ವಿದ್ಯುತ್ತು ಅಲ್ಪ. 25 ಲೀಟರ್ ನೀರನ್ನು 25 ಡಿಗ್ರಿಯಿಂದ 68 ಡಿಗ್ರಿಗೆ ಏರಿಸಲು ನಷ್ಟಗಳನ್ನು ಬಿಟ್ಟರೆ ಒಂದೂಕಾಲು ಯೂನಿಟ್ ಸಾಕು. 2500 ವಾಟಿನ ಕಾಯಿಲಿಗೆ ಇದು ಅರ್ಧ ಗಂಟೆಯ ಕೆಲಸ. ಅಲ್ಲಿಂದ ಕುದಿಗೆ ಏರಿಸಲು ಮತ್ತೊಂದು ಯೂನಿಟ್, ಹಾಪ್ಸಿನ ಕಹಿ ಇಳಿಯುವಂತೆ ಒಂದು ಗಂಟೆ ಕುದಿಸಲು ಸುಮಾರು ಎರಡು. ಅನಿಲದ ಜ್ವಾಲೆಯ ಶಾಖದಲ್ಲಿ ಬಹುಭಾಗ ಹಂಡೆಯ ಬದಿಯಿಂದ ಗಾಳಿಗೆ ಹೋಗುವುದಾದರೆ, ಮುಳುಗಿದ ಕಾಯಿಲಿನ ಶಾಖವೆಲ್ಲ ದ್ರವಕ್ಕೇ ಸೇರುತ್ತದೆ. ಆದರೆ ನೀರಿಲ್ಲದೆ ಹೊತ್ತಿಸಿದ ಕಾಯಿಲ್ ಕೂಡಲೇ ಸುಟ್ಟುಹೋಗುವುದು.

ನೀರು, ಲೋಹ, ವಿದ್ಯುತ್ತು ಈ ಮೂರೂ ಒಂದೆಡೆ ಕೂಡುವ ಕಡೆ ಮೃತ್ಯು ದೂರವಿರುವುದಿಲ್ಲ. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಬರ್ಕ್‌ಲಿಯಲ್ಲಿ ಅಧ್ಯಾಪಕರಾಗಿದ್ದ ಚಾರ್ಲ್ಸ್ ಡಾಲ್‌ಝೀಲ್ ವಿದ್ಯುತ್ತು ಮನುಷ್ಯದೇಹದ ಮೇಲೆ ಮಾಡುವ ಪರಿಣಾಮವನ್ನು ದೀರ್ಘಕಾಲ ಪರಿಶೀಲಿಸಿ 1961ರಲ್ಲಿ ರೂಪಿಸಿದ ಸೋರಿಕೆ ತಡೆಯು, ಹೋದ ಪ್ರವಾಹಕ್ಕೂ ಮರಳಿದ ಪ್ರವಾಹಕ್ಕೂ ಒಂದು ಆಂಪಿಯರಿನ ಇನ್ನೂರನೆಯ ಒಂದು ಭಾಗದಷ್ಟು ವ್ಯತ್ಯಾಸ ಕಂಡರೂ ಸಂಪರ್ಕವನ್ನು ಕಡಿಯುತ್ತದೆ. ಈ ಚರಿತ್ರೆಯಲ್ಲಿ ಬಿಯರಿಗೆ ಸಂಬಂಧವೇ ಇಲ್ಲದ ಈ ವಿದ್ವಾಂಸರಿಗೆ ಗೃಹತಯಾರಕರು ಋಣಿಗಳಾಗಿರುವಷ್ಟು ಮತ್ತಾರಿಗೂ ಅಲ್ಲವೆಂಬುದು ಈ ಲೇಖಕನ ದೃಢವಾದ ಮತ.

2000ದ ದಶಕದ ಮಧ್ಯದಲ್ಲಿ ಆಸ್ಟ್ರೇಲಿಯದವರು ನೀರು ಕಾಯಿಸಲು, ಮಾಲ್ಟು ನೆನೆಯಿಡಲು, ಕಷಾಯ ಕುದಿಸಲು ಬಳಸುತ್ತಿದ್ದ ಮೂರು ಹಂಡೆಗಳ ಬದಲು ಒಂದೇ ಹಂಡೆಯಲ್ಲಿ, ಬಟ್ಟೆಯ ಚೀಲದೊಳಗೆ ಮಾಲ್ಟನ್ನು ನೆನೆಯಿಟ್ಟು ಎತ್ತಿಬಿಡುವ ಸರಳವಾದ ಮಾರ್ಗವನ್ನು ಪ್ರಚುರಪಡಿಸಿದರು. ಜರ್ಮನಿಯ ಸ್ಪೈಡೆಲ್ ಸಂಸ್ಥೆಯ ‘ಬ್ರೌಮೈಸ್ಟರ್’, ನ್ಯೂಜಿಲೆಂಡಿನ ‘ಗ್ರೇನ್‌ಫಾದರ್’ ಮುಂತಾದ ಏಕಪಾತ್ರ ಯಂತ್ರಗಳು ಪಂಪು, ಕಾಯಿಲ್, ನಿಯಂತ್ರಕಗಳೆಲ್ಲವನ್ನೂ ಒಂದೇ ಸ್ಟೀಲ್ ಪಾತ್ರೆಯಲ್ಲಿ ಅಡಕಗೊಳಿಸಿದವು. ಸಿಯಾಟಲಿನ ‘ಪಿಕೊಬ್ರೂ’ ಅಂತರಜಾಲದ ಆಜ್ಞೆಯಂತೆ ತಾನೇ ಬಿಯರು ಮಾಡುವ ಪೆಟ್ಟಿಗೆಯನ್ನು 2013ರಲ್ಲಿ ಜನರಿಂದ ಹಣ ಕೂಡಿಸಿ ಹೊರತಂದಿತಾದರೂ ಸಂಸ್ಥೆ 2020ರಲ್ಲಿ ಮುಚ್ಚಿಹೋಯಿತು. ಮಾಡುವವನಿಗೆ ಕೆಲಸವನ್ನೇ ಉಳಿಸದ ಯಂತ್ರಕ್ಕಿಂತ, ಶಾಖವನ್ನು ತಾನು ಕಾದು ಮಿಕ್ಕುದನ್ನು ಅವನ ನಾಲಗೆಗೂ ತಿಳಿವಿಗೂ ಬಿಡುವ ಹಂಡೆಯೇ ಹೆಚ್ಚಿನದು.

ಕರ್ನಾಟಕದಲ್ಲಿ ಬಿಯರಿನ ಸಣ್ಣ ಪ್ರಮಾಣದ ತಯಾರಿಕೆ ಕಾಣಸಿಗುವುದು ಪರವಾನಗಿ ಪಡೆದ ಮೈಕ್ರೊಬ್ರೂವರಿಗಳಲ್ಲಿ. ಬೆಂಗಳೂರಿನಲ್ಲಿ ಇವುಗಳ ಮೊದಲಿಗನಾದ ‘ಬಿಯರ್ ಕ್ಲಬ್’ 2011ರಲ್ಲಿ ತೆರೆಯಿತು. ಮದ್ಯದ ವಿಷಯ ಸಂವಿಧಾನದಂತೆ ರಾಜ್ಯಗಳ ಪಟ್ಟಿಗೆ ಸೇರಿದುದು. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಗಳಲ್ಲಿ ನೆಲಸಿದ ಕನ್ನಡಿಗರು ಅಲ್ಲಲ್ಲಿಯ ಮಿತಿಯೊಳಗೆ ಈ ಹಂಡೆಯನ್ನು ಹೂಡಬಹುದಾದರೂ, 1965ರ ಕರ್ನಾಟಕ ಅಬಕಾರಿ ಕಾಯಿದೆಯಂತೆ ಪರವಾನಗಿಯಿಲ್ಲದೆ ಇಲ್ಲಿ ಬಿಯರು ತಯಾರಿಸುವುದು ದಂಡನಾರ್ಹವೆಂಬುದನ್ನು ವಾಚಕರು ಮರೆಯತಕ್ಕದ್ದಲ್ಲ.