ಗ್ರೇಟರ್ ನೋಯ್ಡಾದಲ್ಲಿ ಡಿಜಿಟಲ್ ಉತ್ಪನ್ನ ವಿನ್ಯಾಸ

ಉತ್ತರ ಪ್ರದೇಶದ ಗೌತಮ ಬುದ್ಧ ನಗರ ಜಿಲ್ಲೆಯಲ್ಲಿ, ದೆಹಲಿಯ ಆಗ್ನೇಯಕ್ಕೆ ಇರುವ ಗ್ರೇಟರ್ ನೋಯ್ಡಾ ಕಾರು, ಟ್ರ್ಯಾಕ್ಟರ್, ಫ್ರಿಜ್, ಮೊಬೈಲ್ ಫೋನುಗಳ ಕಾರ್ಖಾನೆಗಳಿಂದ ಹೆಸರಾದ ಊರು. ವಸ್ತುವನ್ನು ಮೊದಲು ಕಂಪ್ಯೂಟರಿನಲ್ಲಿ ರೂಪಿಸಿ, ಅಲ್ಲೇ ಪರೀಕ್ಷಿಸಿ ತಿದ್ದಿ, ಆಮೇಲೆ ತಯಾರಿಕೆಗೆ ಕಳಿಸುವ ವಿಧಾನ ಇಲ್ಲಿಗೆ ಎರಡು ದಾರಿಗಳಲ್ಲಿ ಬಂತು. ವಾಹನೋದ್ಯಮದ ದಾರಿಯಲ್ಲಿ ಕಾರ್ಖಾನೆ ಮುಂಚೆ ಬಂತು, ವಿನ್ಯಾಸ ಆಮೇಲೆ. ಚಿಪ್ಪುಗಳ ದಾರಿಯಲ್ಲಿ ವಿನ್ಯಾಸವೇ ಮೊದಲು ಬಂತು. ಕಾರ್ಖಾನೆಯ ಸರದಿ ಈಗ.

ಪಕ್ಕದ ನೋಯ್ಡಾ 1976ರಲ್ಲಿ ಹುಟ್ಟಿದ ಕೈಗಾರಿಕಾ ನಗರ. ಅದು ತುಂಬುತ್ತ ಬಂದಾಗ 1991ರ ಜನವರಿಯಲ್ಲಿ ಗ್ರೇಟರ್ ನೋಯ್ಡಾಕ್ಕೆ ಪ್ರತ್ಯೇಕ ಅಭಿವೃದ್ಧಿ ಪ್ರಾಧಿಕಾರ ರಚನೆಯಾಯಿತು. ಗೋಧಿ, ಕಬ್ಬಿನ ಹೊಲಗಳು ಕೈಗಾರಿಕಾ ನಿವೇಶನಗಳಾದವು. ಈ ಭೂಸ್ವಾಧೀನದ ಕಥೆ ನೋವಿನದು. 2011ರ ಅಕ್ಟೋಬರಿನಲ್ಲಿ ಅಲಹಾಬಾದ್ ಹೈಕೋರ್ಟ್, ಜಮೀನು ಕಳೆದುಕೊಂಡ ಇಲ್ಲಿನ ರೈತರಿಗೆ ಶೇ. 64.7ರಷ್ಟು ಹೆಚ್ಚುವರಿ ಪರಿಹಾರವನ್ನೂ ಅಭಿವೃದ್ಧಿಪಡಿಸಿದ ಭೂಮಿಯಲ್ಲಿ ಶೇ. 10ರ ಪಾಲನ್ನೂ ಕೊಡಬೇಕೆಂದು ತೀರ್ಪಿತ್ತಿತು.

1990ರ ದಶಕದ ಕೊನೆಯ ವರ್ಷಗಳಲ್ಲಿ ಹೋಂಡಾ, ಎಲ್‌ಜಿ, ನ್ಯೂ ಹಾಲೆಂಡ್ ಒಂದರ ಹಿಂದೊಂದು ಬಂದವು. ಇಲ್ಲಿನ ಸೂರಜ್‌ಪುರದಲ್ಲಿ ಆ ಹೊತ್ತಿಗೆ ದೇವೂ ಕಾರುಗಳೂ ಯಮಹಾ ಬೈಕುಗಳೂ ತಯಾರಾಗುತ್ತಿದ್ದವು. ಮೂಲ ವಿನ್ಯಾಸ ಮಾತ್ರ ಕೊರಿಯಾ, ಜಪಾನ್, ಯುರೋಪುಗಳದು. ಅಲ್ಲಿ ತೀರ್ಮಾನವಾದದ್ದನ್ನು ಇಲ್ಲಿ ತಪ್ಪಿಲ್ಲದೆ ಜೋಡಿಸುವುದೇ ಎಂಜಿನಿಯರಿಂಗ್ ಎನಿಸಿಕೊಂಡಿತ್ತು.

ಇದಕ್ಕೆ ಕಾರಣ ಬುದ್ಧಿಯ ಕೊರತೆಯಲ್ಲ. ಕಾರಿನ ಬಾಗಿಲಿನ ತಗಡನ್ನು ಒತ್ತುವ ಉಕ್ಕಿನ ಡೈ ಕೊರೆಯಲು ತಿಂಗಳುಗಳೇ ಬೇಕು. ಕೊರೆದ ಮೇಲೆ ತಪ್ಪು ಕಂಡರೆ ಕಾಲವೂ ಹಣವೂ ಹೋದಂತೆ. ಆದ್ದರಿಂದ ಡ್ರಾಯಿಂಗ್ ಬೋರ್ಡು, ಮಣ್ಣಿನ ಮಾದರಿ, ಪರೀಕ್ಷಾ ಟ್ರ್ಯಾಕು, ಅನುಭವಸ್ಥ ಡೈ ತಯಾರಕರು ಎಲ್ಲ ಒಂದೇ ಕಡೆ ಇರಬೇಕಿತ್ತು. ಮೂರು ಆಯಾಮದ ಕಂಪ್ಯೂಟರ್ ಮಾದರಿ ಈ ಗಂಟನ್ನು ಬಿಚ್ಚಿತು. ಫ್ರಾನ್ಸಿನ ದಸೋ ಕಂಪನಿ 1977ರಲ್ಲಿ ಆರಂಭಿಸಿದ ಕೆಟಿಯಾ ತಂತ್ರಾಂಶದಲ್ಲೇ ಬೋಯಿಂಗ್ 777 ವಿಮಾನ ರೂಪುಗೊಂಡು 1994ರಲ್ಲಿ ಹಾರಿದ್ದು ಈ ಬದಲಾವಣೆಯ ದೊಡ್ಡ ಮೈಲಿಗಲ್ಲು. ಈಗ ಅದೇ ಒಂದು ಮಾದರಿ ಅಪಘಾತದ ಲೆಕ್ಕಾಚಾರಕ್ಕೂ ಆಗುತ್ತದೆ, ಡೈ ಕೊರೆಯುವ ಕಂಪ್ಯೂಟರ್ ನಿಯಂತ್ರಿತ ಸಿಎನ್‌ಸಿ ಯಂತ್ರಕ್ಕೂ ಆಗುತ್ತದೆ, ವೆಲ್ಡಿಂಗ್ ರೋಬೋಟಿನ ಚಲನೆಯನ್ನು ಗೊತ್ತುಪಡಿಸುವುದಕ್ಕೂ ಆಗುತ್ತದೆ. ಮಾದರಿ ತಂತಿಯ ಮೇಲೆ ಹೋಗಬಲ್ಲದಾದ್ದರಿಂದ ವಿನ್ಯಾಸಕಾರ ಕಾರ್ಖಾನೆಯ ನೆರೆಯಲ್ಲೇ ಇರಬೇಕಾದ ಅನಿವಾರ್ಯತೆ ಸಡಿಲಿತು. ವಿನ್ಯಾಸದ ಕೆಲಸ ಇಲ್ಲಿಗೂ ಬರತೊಡಗಿತು: ಯಮಹಾ 2013ರಲ್ಲಿ ಸೂರಜ್‌ಪುರದಲ್ಲೇ ಸಂಶೋಧನೆ ಮತ್ತು ಅಭಿವೃದ್ಧಿ ಕಂಪನಿಯನ್ನು ತೆರೆಯಿತು.

ಹೋಂಡಾದ ಕಥೆ ಇನ್ನೂ ಸ್ಪಷ್ಟ. 1997ರಲ್ಲಿ ಶುರುವಾದ ಅದರ ಗ್ರೇಟರ್ ನೋಯ್ಡಾ ಸ್ಥಾವರ 2020ರ ಡಿಸೆಂಬರಿನಲ್ಲಿ ಕಾರು ತಯಾರಿಕೆ ನಿಲ್ಲಿಸಿತು. ಉತ್ಪಾದನೆ ರಾಜಸ್ಥಾನದ ಟಪೂಕಡಾಕ್ಕೆ ಹೋಯಿತು. ಕಂಪನಿಯ ಪ್ರಧಾನ ಕಚೇರಿ ಮತ್ತು ಆರ್ ಅಂಡ್ ಡಿ ಕೇಂದ್ರ ಗ್ರೇಟರ್ ನೋಯ್ಡಾದಲ್ಲೇ ಉಳಿದವು. ಕಾರ್ಖಾನೆಯ ಬಾಲವಾಗಿ ಬಂದ ವಿನ್ಯಾಸ, ಕಾರ್ಖಾನೆ ಹೋದ ಮೇಲೂ ನಿಂತಿತು. ಇದನ್ನು ಬರೀ ಗೆಲುವೆಂದು ಬರೆದರೆ ಅನ್ಯಾಯವಾದೀತು. ಐಟಿಐ ಮುಗಿಸಿದ ಹುಡುಗನಿಗೆ ಜೋಡಣೆ ಸಾಲಿನಲ್ಲಿ ಜಾಗವಿರುತ್ತದೆ. ವಿನ್ಯಾಸ ಕೇಂದ್ರದ ಬಾಗಿಲು ಎಂಜಿನಿಯರಿಂಗ್ ಪದವಿ ಕೇಳುತ್ತದೆ.

ಚಿಪ್ಪುಗಳ ದಾರಿ ಬೇರೆಯೇ. 1971ರ ಇಂಟೆಲ್ 4004ರಲ್ಲಿ ಇದ್ದ ಟ್ರಾನ್ಸಿಸ್ಟರುಗಳು ಸುಮಾರು 2,300. ಆ ಕಾಲದಲ್ಲಿ ಕೆಂಪು ಪ್ಲಾಸ್ಟಿಕ್ ಹಾಳೆಯನ್ನು ಚಾಕುವಿನಿಂದ ಕತ್ತರಿಸಿ ಪದರ ಪದರವಾಗಿ ನಕ್ಷೆ ಮಾಡುತ್ತಿದ್ದರು. ಇಂದಿನ ದೊಡ್ಡ ಚಿಪ್ಪುಗಳಲ್ಲಿ ಟ್ರಾನ್ಸಿಸ್ಟರುಗಳ ಲೆಕ್ಕ ಸಾವಿರಾರು ಕೋಟಿ. ಕೈಯಿಂದ ಬರೆಯುವ ಮಾತೇ ಇಲ್ಲ. 1980ರಲ್ಲಿ ಕಾರ್ವರ್ ಮೀಡ್ ಮತ್ತು ಲಿನ್ ಕಾನ್ವೇ ಬರೆದ ಪಠ್ಯಪುಸ್ತಕ, ಚಿಪ್ ರೂಪಿಸುವುದನ್ನೂ ತಯಾರಿಸುವುದನ್ನೂ ಬೇರ್ಪಡಿಸಬಹುದೆಂದು ತೋರಿಸಿತು. ಪರರ ವಿನ್ಯಾಸಗಳನ್ನಷ್ಟೇ ತಯಾರಿಸಿಕೊಡುವ ತೈವಾನಿನ ಟಿಎಸ್ಎಂಸಿ 1987ರಲ್ಲಿ ಸ್ಥಾಪನೆಯಾಯಿತು. ಭಾರತದಲ್ಲಿ ಈ ಬಾಗಿಲನ್ನು ಮೊದಲು ತೆರೆದದ್ದು ಬೆಂಗಳೂರು: 1985ರಲ್ಲಿ ಅಲ್ಲಿ ನೆಲೆಯೂರಿದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಉಪಗ್ರಹ ಸಂಪರ್ಕದ ಮೂಲಕ ಅಮೆರಿಕಕ್ಕೆ ವಿನ್ಯಾಸದ ದತ್ತಾಂಶ ಕಳಿಸತೊಡಗಿತು.

ನೋಯ್ಡಾ ಈ ಕೆಲಸದ ಇನ್ನೊಂದು ನೆಲೆಯಾಯಿತು. ಇಟಲಿ ಮತ್ತು ಫ್ರಾನ್ಸಿನ ಎರಡು ಕಂಪನಿಗಳು 1987ರಲ್ಲಿ ಕೂಡಿ ಹುಟ್ಟಿದ ಎಸ್‌ಟಿ ಮೈಕ್ರೊಎಲೆಕ್ಟ್ರಾನಿಕ್ಸ್, ಮೊದಲು ನೋಯ್ಡಾದಲ್ಲಿದ್ದು ಆಮೇಲೆ ಗ್ರೇಟರ್ ನೋಯ್ಡಾದ ನಾಲೆಜ್ ಪಾರ್ಕ್-3ರಲ್ಲಿ ತನ್ನದೇ ಆವರಣ ಕಟ್ಟಿಕೊಂಡಿತು. ಯುರೋಪಿನಾಚೆ ಆ ಕಂಪನಿಗಿರುವ ಬಹು ದೊಡ್ಡ ವಿನ್ಯಾಸ ಕೇಂದ್ರಗಳಲ್ಲಿ ಇದೊಂದು. ಕಂಪನಿಯ ಸಿಲಿಕಾನ್ ಕಾರ್ಖಾನೆಗಳು ಫ್ರಾನ್ಸಿನ ಕ್ರೋಲ್, ಇಟಲಿಯ ಅಗ್ರಾತೆ ಮುಂತಾದ ಕಡೆ ಇವೆ. ಇಲ್ಲಿಂದ ಅಲ್ಲಿಗೆ ಹೋಗುವುದು ಕಡತ ಮಾತ್ರ. ಹಿಂದೆ ಆ ಕಡತ ಮ್ಯಾಗ್ನೆಟಿಕ್ ಟೇಪಿನಲ್ಲಿ ಹೋಗುತ್ತಿದ್ದದ್ದರಿಂದ ಅದನ್ನು ಕಳಿಸಿಕೊಡುವ ಗಳಿಗೆಗೆ ಇಂದಿಗೂ ‘ಟೇಪ್‌ಔಟ್’ ಎಂದೇ ಹೆಸರು.

ಟೇಪ್‌ಔಟ್ ಆದ ಮೇಲೆ ತಪ್ಪು ಸಿಕ್ಕಿದರೆ ಚಿಪ್ಪಿನ ನಕ್ಷೆಯ ಅಚ್ಚುಗಳಾದ ದುಬಾರಿ ಮಾಸ್ಕುಗಳನ್ನು ಮತ್ತೆ ಮಾಡಿಸಬೇಕು, ತಿಂಗಳುಗಟ್ಟಲೆ ಕಾಯಬೇಕು. ಹೀಗಾಗಿ ಎಂಜಿನಿಯರುಗಳ ದುಡಿಮೆಯ ಅರ್ಧಕ್ಕಿಂತ ಹೆಚ್ಚು ಪಾಲು ಹೊಸದನ್ನು ರಚಿಸುವುದಕ್ಕಲ್ಲ, ರಚಿಸಿದ್ದನ್ನು ಒರೆಗೆ ಹಚ್ಚುವುದಕ್ಕೆ ಹೋಗುತ್ತದೆ. ಚಿಪ್ಪಿನ ನಡವಳಿಕೆಯನ್ನು ವೆರಿಲಾಗ್‌ನಂಥ ಭಾಷೆಯಲ್ಲಿ ಬರೆದು, ಸಿಮ್ಯುಲೇಶನ್ನಿನಲ್ಲಿ ಓಡಿಸಿ, ಮೂಲೆ ಮೂಲೆಯ ಸಂದರ್ಭಗಳನ್ನೂ ಕೆದಕಿ ನೋಡುತ್ತಾರೆ. ವೆರಿಲಾಗ್ ರೂಪುಗೊಂಡದ್ದು ಭಾರತೀಯ ಮೂಲದ ಪ್ರಭು ಗೋಯಲ್ ಅವರ ಗೇಟ್‌ವೇ ಡಿಸೈನ್ ಆಟೊಮೇಶನ್ ಕಂಪನಿಯಲ್ಲಿ, 1984ರ ಸುಮಾರಿಗೆ. ರೂಪಿಸಿದವರಲ್ಲಿ ಫಿಲ್ ಮೂರ್ಬಿ ಪ್ರಮುಖರು. ಗೇಟ್‌ವೇಯನ್ನು ಕೊಂಡ ಕೇಡೆನ್ಸ್ ಕಂಪನಿಗೆ ನೋಯ್ಡಾದಲ್ಲಿ ದೊಡ್ಡ ಅಭಿವೃದ್ಧಿ ಕೇಂದ್ರವಿದೆ. ಚಿಪ್ ರೂಪಿಸುವವರೂ ಅದಕ್ಕೆ ಬೇಕಾದ ಸಾಧನ ರೂಪಿಸುವವರೂ ಹೀಗೆ ಅಕ್ಕಪಕ್ಕದ ಊರುಗಳಲ್ಲಿ ಕೂತು ದುಡಿಯುವುದು ಈ ಪ್ರದೇಶದ ನಿಜವಾದ ಬಲ. ಕಾರ್ಖಾನೆಗಳ ಹೊಗೆ ಕೊಳವೆಯಂತೆ ಈ ಬಲ ದೂರಕ್ಕೆ ಕಾಣದು. ಅದಕ್ಕೇ ಊರಿನ ಪರಿಚಯ ಬರೆಯುವವರು ಇದನ್ನು ಬಿಟ್ಟುಬಿಡುತ್ತಾರೆ.

2024ರ ಸೆಪ್ಟೆಂಬರ್ 11ರಂದು ಗ್ರೇಟರ್ ನೋಯ್ಡಾದ ಇಂಡಿಯಾ ಎಕ್ಸ್‌ಪೋ ಮಾರ್ಟ್‌ನಲ್ಲಿ ಚಿಪ್ ಉದ್ಯಮದ ಸೆಮಿಕಾನ್ ಇಂಡಿಯಾ ಸಮ್ಮೇಳನ ಉದ್ಘಾಟನೆಯಾಯಿತು. 2025ರ ಮೇ 13ರಂದು ರೆನೆಸಾಸ್ ಕಂಪನಿಯ 3 ನ್ಯಾನೊಮೀಟರ್ ಚಿಪ್ ವಿನ್ಯಾಸ ಕೇಂದ್ರಗಳು ನೋಯ್ಡಾ ಮತ್ತು ಬೆಂಗಳೂರಿನಲ್ಲಿ ಶುರುವಾದವು. ಚಿಪ್ ಕಾರ್ಖಾನೆಯ ಸರದಿಯೂ ಬಂತು: ಮರುದಿನವೇ ಕೇಂದ್ರ ಸಂಪುಟ, ಗ್ರೇಟರ್ ನೋಯ್ಡಾದ ದಕ್ಷಿಣಕ್ಕಿರುವ ಜೇವರ್‌ನಲ್ಲಿ ವಿಮಾನ ನಿಲ್ದಾಣದ ಹತ್ತಿರ ಎಚ್‌ಸಿಎಲ್-ಫಾಕ್ಸ್‌ಕಾನ್ ಜಂಟಿ ಘಟಕಕ್ಕೆ ಒಪ್ಪಿಗೆ ಕೊಟ್ಟಿತು. ಫೋನ್, ಲ್ಯಾಪ್‌ಟಾಪ್, ಕಾರುಗಳ ಪರದೆಗಳನ್ನು ನಡೆಸುವ ಡಿಸ್‌ಪ್ಲೇ ಡ್ರೈವರ್ ಚಿಪ್ಪುಗಳು ಇಲ್ಲಿಯ ಉತ್ಪನ್ನ. ಯೋಜಿತ ಸಾಮರ್ಥ್ಯ ತಿಂಗಳಿಗೆ 20,000 ವೇಫರ್ (ಸಿಲಿಕಾನ್ ಬಿಲ್ಲೆ), 3.6 ಕೋಟಿ ಚಿಪ್.