ಬೆಡಿಯ ಉಪ್ಪು, ತೋಟದ ಉಪ್ಪು



ಪುತ್ತೂರು ಮಹಾಲಿಂಗೇಶ್ವರ ದೇವರ ಜಾತ್ರೆಗೆ ಹೋದವರಿಗೆ ಅಲ್ಲಿಯ ಬೆಡಿಯ ಗಮ್ಮತ್ತನ್ನು ನಾನು ಹೇಳಬೇಕಾಗಿಲ್ಲ. ಏಪ್ರಿಲ್ ತಿಂಗಳ ಆ ರಾತ್ರಿ ಸುಳ್ಯ, ಕಡಬದ ಕಡೆಯಿಂದಲೂ ಮಕ್ಕಳುಮರಿ ಕಟ್ಟಿಕೊಂಡು ಬಂದು, ಗದ್ದೆಯಲ್ಲಿ ಕೂತು ನೋಡುವ ಬೆಡಿ ಅದು. ಕರಿಮದ್ದಿಗೆ ಬಲ ಕೊಡುವುದು ಪೆಟ್ಲುಪ್ಪು. ಕೋವಿಯ ಮದ್ದಿನಲ್ಲಿ ನಾಲ್ಕರಲ್ಲಿ ಮೂರು ಪಾಲು ಅದೇ. ಉಳಿದದ್ದು ಇದ್ದಲು ಮತ್ತು ಗಂಧಕ. 1837ರಲ್ಲಿ ಅಮರ ಸುಳ್ಯದ ದಂಡು ಬೆಳ್ಳಾರೆಯ ಖಜಾನೆಯನ್ನು ಹಿಡಿದು ಮಂಗಳೂರಿಗೆ ನಡೆದ ಕಾಲದಲ್ಲೂ ಕೋವಿಗೆ ತುಂಬುತ್ತಿದ್ದದ್ದು ಇಂಥ ಮದ್ದನ್ನೇ.

ಕೃಷಿಯ ಮಾತಿಗೆ ಬಂದವರು ಬೆಡಿಯ ಕತೆ ಹೇಳ್ತಾರಲ್ಲ ಅಂತ ಅಂದುಕೊಳ್ಳಬೇಡಿ. ಪೆಟ್ಲುಪ್ಪು ಎಂಬುದು ಒಂದು ಬಗೆಯ ನೈಟ್ರೇಟು. ನಿಮ್ಮ ಕಂಗಿನ ಬೇರು ಮಣ್ಣಿನಿಂದ ಸಾರಜನಕವನ್ನು ಹೀರುವುದೂ ಹೆಚ್ಚಾಗಿ ನೈಟ್ರೇಟಿನ ರೂಪದಲ್ಲೇ.

ಹಿಂದಿನ ಕಾಲದಲ್ಲಿ ಈ ಉಪ್ಪು ಎಲ್ಲಿಂದ ಬರುತ್ತಿತ್ತು? ಹಟ್ಟಿಯ ಮಣ್ಣಿನಿಂದ! ಬಿಹಾರದಲ್ಲಿ ದನ ಕಟ್ಟಿದ ಜಾಗದ ಮಣ್ಣನ್ನೂ ಹಳೆಯ ಮಣ್ಣುಗೋಡೆಗಳ ಬುಡವನ್ನೂ ಕೆರೆದು, ನೀರಿನಲ್ಲಿ ಸೋಸಿ, ಕುದಿಸಿ ಉಪ್ಪು ತೆಗೆಯುತ್ತಿದ್ದರು. ಈಸ್ಟ್ ಇಂಡಿಯಾ ಕಂಪೆನಿ ಅದನ್ನು ಹಡಗುಗಟ್ಟಲೆ ಸಾಗಿಸಿತು. ನಮ್ಮಲ್ಲಿಯೂ ಹಟ್ಟಿ ಉಂಟು, ಗಂಜಳ ಉಂಟು. ಆದರೆ ಉಪ್ಪು ಹಾಗೆ ಮಣ್ಣಿನ ಮೇಲೆ ಬಿಳಿಯಾಗಿ ಕಟ್ಟುವುದಿಲ್ಲ. ನಮ್ಮ ಮಳೆ ಅದನ್ನು ಇರಗೊಡುವುದಿಲ್ಲ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಗಂಜಳ ನೈಟ್ರೇಟಾಗುವುದು ಹೇಗೆ ಎಂಬುದು ಬಹಳ ದಿನ ಗೊತ್ತಿರಲಿಲ್ಲ. 1877ರಲ್ಲಿ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ಎಂಬ ಇಬ್ಬರು ಫ್ರೆಂಚ್ ವಿಜ್ಞಾನಿಗಳು ಒಂದು ಕೊಳವೆಯಲ್ಲಿ ಮರಳು, ಸುಣ್ಣಕಲ್ಲಿನ ಪುಡಿ ತುಂಬಿ, ಚರಂಡಿಯ ನೀರನ್ನು ಅದರ ಮೇಲಿಂದ ಮೆಲ್ಲಗೆ ಇಳಿಸಿದರು. ಇಪ್ಪತ್ತು ದಿನ ಏನೂ ಆಗಲಿಲ್ಲ. ಆಮೇಲೆ ಕೆಳಗೆ ನೈಟ್ರೇಟು ಬರತೊಡಗಿತು. ಕೊಳವೆಗೆ ಕ್ಲೋರೋಫಾರಂ ಹೊಗಿಸಿದರು; ನೈಟ್ರೇಟು ನಿಂತಿತು. ಕ್ಲೋರೋಫಾರಂ ಹೊಗಿಸಿದರೆ ನಿಲ್ಲುತ್ತದೆ ಅಂದ ಮೇಲೆ ಆ ಕೆಲಸ ಮಾಡುವುದು ಜೀವ ಇರುವಂಥದ್ದೇ ಇರಬೇಕು, ಅಲ್ಲವೇ? ಮಣ್ಣಿನೊಳಗಿನ ಸೂಕ್ಷ್ಮ ಜೀವಿಗಳು ಹಾಗೆ ಸಿಕ್ಕಿಬಿದ್ದವು. ನಿಮ್ಮ ಗೊಬ್ಬರದ ಗುಂಡಿಯಲ್ಲಿ ಈ ಹೊತ್ತಿಗೂ ದುಡಿಯುವವು ಅವೇ.

ನಮ್ಮ ಹಿರಿಯರಿಗೆ ಆ ಜೀವಿಗಳ ಹೆಸರು ಗೊತ್ತಿರಲಿಲ್ಲ. ಅವುಗಳಿಗೆ ಉಣ್ಣಿಸುವುದು ಮಾತ್ರ ಚೆನ್ನಾಗಿ ಗೊತ್ತಿತ್ತು. ಗುಡ್ಡದ ಕಾಡು ಕಡಿದು ಸುಟ್ಟು, ಬೂದಿಯಲ್ಲಿ ಬಿತ್ತುವ ಕುಮೇರಿ ಬೇಸಾಯ ಒಂದು ಕಾಲಕ್ಕೆ ಇಲ್ಲಿ ಧಾರಾಳವಾಗಿತ್ತು. 1860ರಲ್ಲಿ ಮದರಾಸು ಸರಕಾರ ಅಪ್ಪಣೆಯಿಲ್ಲದೆ ಸರಕಾರಿ ಕಾಡಿನಲ್ಲಿ ಕುಮೇರಿ ಕೂಡದೆಂದು ನಿಷೇಧಿಸಿತು. ಉಳಿದದ್ದು ಕುಮ್ಕಿ. ವರ್ಗ ಜಾಗದ ಅಂಚಿನಿಂದ ನೂರು ಗಜದೊಳಗಿನ ಸರಕಾರಿ ನೆಲದಲ್ಲಿ ಸೊಪ್ಪು, ತರಗೆಲೆ, ಹುಲ್ಲು ತರುವ ಹಕ್ಕು ಅದು. ಸೊಪ್ಪು ಹಟ್ಟಿಗೆ ಹೋಗಿ, ದನದ ಕಾಲಡಿಯಲ್ಲಿ ಕಲಸಿ, ಗುಂಡಿಯಲ್ಲಿ ಕೊಳೆತು, ತೋಟಕ್ಕೆ ಬರುತ್ತಿತ್ತು. ತಲೆಹೊರೆಯಲ್ಲಿ ಸೊಪ್ಪು ತಂದ ಅಮ್ಮಂದಿರ ಲೆಕ್ಕವನ್ನು ಯಾರೂ ಬರೆದಿಡಲಿಲ್ಲ. ಆದರೆ ಆ ಸೊಪ್ಪಿನ ಗೊಬ್ಬರದಲ್ಲಿ ಒಂದು ಗುಣ ಇತ್ತು: ನೈಟ್ರೇಟನ್ನು ಒಮ್ಮೆಲೇ ಸುರಿಯದೆ ಸ್ವಲ್ಪಸ್ವಲ್ಪವಾಗಿ ಬಿಟ್ಟುಕೊಡುತ್ತಿತ್ತು.

ಹೊರಗಿನ ಲೋಕದಲ್ಲಿ ಇದೇ ಉಪ್ಪಿಗಾಗಿ ರಕ್ತ ಹರಿಯಿತು. ದಕ್ಷಿಣ ಅಮೆರಿಕದ ಮಳೆಯಿಲ್ಲದ ಮರುಭೂಮಿಯಲ್ಲಿ ನೈಟ್ರೇಟು ಗಟ್ಟಿಯಾಗಿ ಸಿಗುತ್ತದೆ. 1879ರಿಂದ 1884ರ ತನಕ ಚಿಲಿ ದೇಶವು ಪೆರು, ಬೊಲಿವಿಯಾಗಳೊಡನೆ ಕಾದಾಡಿ ಆ ನೆಲವನ್ನು ಕಿತ್ತುಕೊಂಡಿತು. ಬಳಿಕ ಜರ್ಮನಿಯ ಹಾಬರ್ ಗಾಳಿಯ ಸಾರಜನಕದಿಂದಲೇ ಅಮೋನಿಯಾ ಮಾಡುವ ದಾರಿ ತೋರಿದ. 1913ರಲ್ಲಿ ಅದರ ಕಾರ್ಖಾನೆ ಎದ್ದಿತು. ನಮ್ಮ ನೆರೆಯ ಆಲುವಾಯಿಯಲ್ಲಿ 1947ರಲ್ಲಿ ಅಮೋನಿಯಂ ಸಲ್ಫೇಟ್ ತಯಾರಿಸಲು ಮೊದಲು ಬಳಸಿದ್ದು ಏನನ್ನು ಬಲ್ಲಿರಾ? ಕಾಡಿನ ಸೌದೆಯನ್ನು! ಸೊಪ್ಪಿನ ಬದಲು ಮರವೇ ಗೊಬ್ಬರವಾಯಿತು ಅಂತ ನಗಬಹುದು. 1976ರಲ್ಲಿ ಪಣಂಬೂರಿನ ಕಾರ್ಖಾನೆ ಯೂರಿಯಾ ಕೊಡತೊಡಗಿತು. ಮೂಟೆ ಮನೆ ಬಾಗಿಲಿಗೆ ಬಂತು, ತಲೆಹೊರೆ ಇಳಿಯಿತು. ಅದನ್ನು ಹಳಿಯಲು ನನಗೆ ಬಾಯಿ ಬರುವುದಿಲ್ಲ.

ಆದರೆ ಎಷ್ಟು, ಯಾವಾಗ ಎಂಬುದು ಬೇಕಲ್ಲ! 1956ರಲ್ಲಿ ಶುರುವಾದ ವಿಟ್ಲದ ಅಡಿಕೆ ಸಂಶೋಧನಾ ಕೇಂದ್ರದವರು ಹೇಳುವ ಲೆಕ್ಕ ಹೀಗುಂಟು: ಫಲ ಬರುವ ಒಂದು ಕಂಗಿಗೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್, ಜೊತೆಗೆ ಸೊಪ್ಪು 12 ಕಿಲೋ, ಗೊಬ್ಬರ 12 ಕಿಲೋ. ನೂರು ಗ್ರಾಂ ಸಾರಜನಕವೆಂದರೆ ಸುಮಾರು 220 ಗ್ರಾಂ ಯೂರಿಯಾ. ಅದನ್ನೂ ಎರಡು ಪಾಲು ಮಾಡಿ, ಮುಂಗಾರಿಗೆ ಮುಂಚೆ ಒಂದು, ಮಳೆ ಇಳಿದ ಮೇಲೆ ಸಪ್ಟೆಂಬರ್-ಅಕ್ಟೋಬರದಲ್ಲಿ ಇನ್ನೊಂದು. ಜುಲಾಯಿಯ ಜಡಿಮಳೆಯಲ್ಲಿ ಹಾಕಿದರೋ, ದುಡ್ಡು ತೋಡಿಗೆ ಹೋಯಿತೆಂದೇ ತಿಳಿಯಿರಿ. ಯೂರಿಯಾ ಕೆಲವೇ ದಿನಗಳಲ್ಲಿ ಅಮೋನಿಯಂ ಆಗುತ್ತದೆ, ಆಮೇಲೆ ನೈಟ್ರೇಟು. ಅಮೋನಿಯವನ್ನು ಮಣ್ಣು ಹಿಡಿದುಕೊಳ್ಳುತ್ತದೆ. ನೈಟ್ರೇಟನ್ನು ಹಿಡಿಯುವುದಿಲ್ಲ, ಅದು ನೀರಿನ ಜೊತೆ ಇಳಿದುಬಿಡುತ್ತದೆ. ನೀರು ನಿಂತ ಏಣೆಲು ಗದ್ದೆಯಲ್ಲಾದರೆ ಕೆಸರಿನ ಜೀವಿಗಳು ಅದನ್ನು ಪುನಃ ಗಾಳಿಗೆ ಬಿಡುತ್ತವೆ. ಭತ್ತಕ್ಕೆ ನೈಟ್ರೇಟು ಗೊಬ್ಬರ ಸಲ್ಲದು ಅನ್ನುವುದು ಅದಕ್ಕೇ.

ಇಳಿದದ್ದು ಎಲ್ಲಿಗೆ ಹೋಗುತ್ತದೆ? ಕೆಲವು ಪಾಲು ತೋಡು, ಕುಮಾರಧಾರೆ ಹಿಡಿದು ಉಪ್ಪಿನಂಗಡಿಯಲ್ಲಿ ನೇತ್ರಾವತಿ ಸೇರುತ್ತದೆ. ಕೆಲವು ಪಾಲು ಮುರಕಲ್ಲಿನ ತೂತುಗಳಲ್ಲಿ ಇಳಿದು ಬಾವಿ ಸೇರಬಹುದು. 1945ರಲ್ಲಿ ಅಮೆರಿಕದ ಅಯೋವಾ ಸೀಮೆಯ ಕಾಮ್ಲಿ ಎಂಬ ವೈದ್ಯರು, ಹೊಲದ ಮನೆಯ ಬಾವಿನೀರಿನಲ್ಲಿ ಕಲಸಿದ ಹಾಲು ಕುಡಿದು ಮೈ ನೀಲಿಗಟ್ಟಿದ ಹಸುಗೂಸುಗಳನ್ನು ಕಂಡರು. ಕೂಸಿನ ಹೊಟ್ಟೆಯಲ್ಲಿ ನೈಟ್ರೇಟು ನೈಟ್ರೈಟಾಗಿ, ರಕ್ತಕ್ಕೆ ಉಸಿರನ್ನು ಹೊರುವ ಶಕ್ತಿ ಕುಂದಿತ್ತು. ನಮ್ಮ ದೇಶದ ಮಾನಕದಂತೆ ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲ್ಲಿಗ್ರಾಂಗಿಂತ ಹೆಚ್ಚು ನೈಟ್ರೇಟು ಇರಕೂಡದು. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಇನ್ನೊಂದು ಸಂಗತಿ ಬಾಣಂತಿಯ ಮನೆಯವರು ಕೇಳಬೇಕು: ನೀರು ಕುದಿಸಿದರೆ ಇದು ಹೋಗುವುದಿಲ್ಲ, ನೀರು ಆವಿಯಾಗಿ ಉಪ್ಪು ಇನ್ನೂ ಸಾಂದ್ರವಾಗುತ್ತದೆ.

ಯೂರಿಯಾವನ್ನು ಮಾತ್ರ ದೂರಬೇಡಿ. ಬಾವಿಯ ಮೇಲ್ಬದಿಯಲ್ಲಿ ಹಟ್ಟಿ, ಗೊಬ್ಬರದ ಗುಂಡಿ, ಕಕ್ಕಸಿನ ಗುಂಡಿ ಇದ್ದರೂ ಅದೇ ಕತೆ. ಬಿಹಾರದವರು ಉಪ್ಪು ತೆಗೆದದ್ದು ಅಂಥ ಮಣ್ಣಿನಿಂದಲೇ ಅಲ್ಲವೇ? ಹೊಸ ಗುಂಡಿ ತೋಡುವುದಿದ್ದರೆ ಬಾವಿಯ ಕೆಳಬದಿಗೆ, ದೂರಕ್ಕೆ ತೋಡಿ. ಮನೆಯಲ್ಲಿ ಹಸುಗೂಸು ಇದ್ದರೆ, ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಳೆ ಬಿಟ್ಟ ಮೇಲೆ ಒಮ್ಮೆ ಬಾವಿನೀರನ್ನು ಪರೀಕ್ಷೆ ಮಾಡಿಸಿ. ಎಲ್ಲಿ ಕೊಡಬೇಕೆಂದು ಗ್ರಾಮ ಪಂಚಾಯತಿನಲ್ಲಿ ಕೇಳಿ. ಶುದ್ಧ ಸೀಸೆಯಲ್ಲಿ ತುಂಬಿ, ಯಾವ ಬಾವಿ, ಯಾವ ತಾರೀಕು ಎಂದು ಚೀಟಿ ಅಂಟಿಸಿ, ಅದೇ ದಿನ ಮುಟ್ಟಿಸಿ.